ಜೀವಕೋಶದ ಸಾವಿಗೆ ಒಂದು ಅಳತೆಗೋಲು

ಲಗ್ಗೆರೆಯಿಂದ ಪೀಣ್ಯದ ಕಡೆಗೆ ನಡೆದುಹೋದರೆ, ಲೇತುಗಳ ಸದ್ದು ಕೇಳಿಸದ ಬೀದಿ ಅಪರೂಪ. ಅಲ್ಲಿಯ ಕಾರ್ಖಾನೆಗಳಲ್ಲಿ, ಲೋಹದಲ್ಲಿ ಕೊರೆದ ರಂಧ್ರವು ಸರಿಯಾದ ಅಳತೆಯದೇ ಎಂದು ತಿಳಿಯಲು ಪ್ಲಗ್ ಗೇಜು ಎಂಬ ಸರಳವಾದ ಉಪಕರಣವನ್ನು ಬಳಸುತ್ತಾರೆ. ಅದಕ್ಕೆ ಎರಡು ತುದಿಗಳು. ‘ಗೋ’ ಎಂಬ ತುದಿ ರಂಧ್ರದೊಳಕ್ಕೆ ಹೋಗಬೇಕು. ‘ನೋ-ಗೋ’ ಎಂಬ ತುದಿ ಹೋಗಕೂಡದು. ಎರಡು ಪರೀಕ್ಷೆಗಳಲ್ಲಿಯೂ ಗೆದ್ದ ರಂಧ್ರ ಮಾತ್ರವೇ ಸರಿಯಾದುದು. ಆದರೆ ಗೇಜೇ ಸವೆದಿದ್ದರೆ? ಆಗ ಕಿರಿದಾದ ರಂಧ್ರವೂ ಸರಿಯೆಂದೇ ತೋರುತ್ತದೆ. ಆದುದರಿಂದ ಗೇಜನ್ನೂ ಆಗಾಗ ಪರೀಕ್ಷೆಗೆ ಒಳಪಡಿಸಬೇಕಾಗುತ್ತದೆ.

ಜೀವವಿಜ್ಞಾನಿಗಳ ಪ್ರಯೋಗಶಾಲೆಯಲ್ಲಿಯೂ ಇಂತಹ ಗೇಜುಗಳುಂಟು. ಅವೇ ಪ್ರತಿಕಾಯಗಳು. ಜೀವಕೋಶದ ಸಾವನ್ನು ತೋರಿಸುವ ಒಂದು ಪ್ರತಿಕಾಯವನ್ನು ಕುರಿತು ಇಲ್ಲಿ ವಿಚಾರ ಮಾಡೋಣ.

ಹೊತ್ತು ನೋಡಿ ಸಾಯುವ ಕೋಶ

ಗೊದಮೊಟ್ಟೆಯು ಕಪ್ಪೆಯಾಗುವಾಗ ಅದರ ಬಾಲ ಕರಗಿಹೋಗುವುದನ್ನು ನಾವೆಲ್ಲರೂ ಬಲ್ಲೆವು. ಗರ್ಭದಲ್ಲಿರುವ ಶಿಶುವಿನ ಬೆರಳುಗಳ ನಡುವಣ ಚರ್ಮವೂ ಹಾಗೆಯೇ ಮಾಯವಾಗುತ್ತದೆ. ಇಲ್ಲಿ ಕೋಶಗಳು ಗಾಯದಿಂದ ಸಾಯುವುದಿಲ್ಲ; ಕ್ರಮಬದ್ಧವಾಗಿ ತಮ್ಮನ್ನು ತಾವೇ ಕಳಚಿಕೊಳ್ಳುತ್ತವೆ. ಕೆರ್, ವೈಲಿ ಮತ್ತು ಕರಿ ಎಂಬ ಮೂವರು ೧೯೭೨ರಲ್ಲಿ ಇದಕ್ಕೆ ‘ಅಪೊಪ್ಟೋಸಿಸ್’ ಎಂದು ಹೆಸರಿಟ್ಟರು. ಎಲೆ ಉದುರುವಿಕೆ ಎಂಬ ಅರ್ಥದ ಗ್ರೀಕ್ ಪದ ಅದು. ಸೀನೊರಾಬ್ಡೈಟಿಸ್ ಎಲೆಗನ್ಸ್ ಎಂಬ, ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಹುಟ್ಟುವ ೧೦೯೦ ದೇಹಕೋಶಗಳಲ್ಲಿ ೧೩೧ ಕೋಶಗಳು ತಪ್ಪದೆ ಹೀಗೆ ಸಾಯುತ್ತವೆ, ಉಳಿಯುವುವು ೯೫೯. ಈ ಹುಳುವಿನ ಅಧ್ಯಯನಕ್ಕಾಗಿಯೇ ಬ್ರೆನ್ನರ್, ಹಾರ್ವಿಟ್ಸ್ ಮತ್ತು ಸಲ್ಸ್‌ಟನ್ನರಿಗೆ ೨೦೦೨ರ ನೊಬೆಲ್ ಪಾರಿತೋಷಕ ದೊರೆಯಿತು.

ಸಾಯಬೇಕಾದ ಕೋಶ ಸಾಯದೆ ಉಳಿದು ವೃದ್ಧಿಯಾಗತೊಡಗಿದರೆ ಅದು ಕ್ಯಾನ್ಸರಿಗೆ ದಾರಿ. ಹೀಗಾಗಿ ಕೋಶವು ನಿಜವಾಗಿಯೂ ಈ ಮಾರ್ಗದಿಂದಲೇ ಸಾಯುತ್ತಿದೆಯೇ ಎಂಬ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ರೋಗಿಯ ಅಳಿವು ಉಳಿವಿನದು.

ಕತ್ತರಿಗೆ ಕತ್ತರಿ

ಈ ಕೆಲಸದ ಮುಖ್ಯ ಕರ್ಮಚಾರಿ ಕ್ಯಾಸ್ಪೇಸ್-೩ ಎಂಬ ಪ್ರೋಟೀನು. ಮನುಷ್ಯನಲ್ಲಿ ಇದು ೨೭೭ ಅಮೈನೋ ಆಮ್ಲಗಳ ಸರಪಳಿ. ಆರೋಗ್ಯವಂತ ಕೋಶದಲ್ಲಿಯೂ ಇದು ಇರುತ್ತದೆ, ಆದರೆ ನಿದ್ರಿಸುತ್ತಿರುತ್ತದೆ. ಸಾವಿನ ಆಜ್ಞೆ ಬಂದಾಗ ಬೇರೊಂದು ಕ್ಯಾಸ್ಪೇಸ್ ಇದನ್ನು ೧೭೫ನೆಯ ಅಮೈನೋ ಆಮ್ಲದ ಬಳಿ ಕತ್ತರಿಸುತ್ತದೆ. ಕತ್ತರಿಸಿಕೊಂಡ ಮೇಲೆಯೇ ಇದು ತಾನೂ ಕತ್ತರಿಯಾಗಿ, ಕೋಶದ ಇತರ ಪ್ರೋಟೀನುಗಳನ್ನು ತುಂಡರಿಸತೊಡಗುತ್ತದೆ.

ಕ್ಯಾಸ್ಪೇಸ್-೩ ಇದೆ ಎಂದು ತಿಳಿದರೆ ಪ್ರಯೋಜನವಿಲ್ಲ. ಅದು ಕತ್ತರಿಸಲ್ಪಟ್ಟಿದೆಯೇ ಎಂದು ತಿಳಿಯಬೇಕು. ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಉಪಾಯ ಸೊಗಸಾದುದು. ಕತ್ತರಿಸಿದಾಗ ಹೊಸದಾಗಿ ಹೊರಬೀಳುವ ತುದಿಯಂತೆಯೇ ಇರುವ ಚಿಕ್ಕ ತುಣುಕನ್ನು ರಾಸಾಯನಿಕವಾಗಿ ತಯಾರಿಸಿ, ಅದನ್ನು ದೊಡ್ಡ ಪ್ರೋಟೀನೊಂದಕ್ಕೆ ಜೋಡಿಸಿ ಮೊಲಕ್ಕೆ ಚುಚ್ಚುತ್ತಾರೆ. ಮೊಲದ ದೇಹವು ಅದನ್ನು ಪರಕೀಯವೆಂದು ಬಗೆದು, ಅದಕ್ಕೆ ಅಂಟುವ ಪ್ರತಿಕಾಯಗಳನ್ನು ರಕ್ತದಲ್ಲಿ ಉತ್ಪಾದಿಸುತ್ತದೆ. ಅವುಗಳಲ್ಲಿ ಕೆಲವು ಕತ್ತರಿಸದ ಪ್ರೋಟೀನಿಗೂ ಅಂಟಬಹುದು. ಅಖಂಡ ಸರಪಳಿಯ ತುಣುಕನ್ನು ಕೂಡಿಸಿದ ಮಣಿಗಳ ನಡುವೆ ದ್ರವವನ್ನು ಹಾಯಿಸಿದರೆ ಅಂತಹವು ಅಲ್ಲಿಯೇ ಉಳಿದು, ಹೊಸ ತುದಿಯನ್ನು ಮಾತ್ರ ಗುರುತಿಸುವುವು ಮುಂದೆ ಸಾಗುತ್ತವೆ.

ಅಳೆಯುವ ಬಗೆ

ಇನ್ನು ಭೌತವಿಜ್ಞಾನದ ಕೆಲಸ. ಕೋಶಗಳನ್ನು ಒಡೆದು, ಅವುಗಳ ಪ್ರೋಟೀನುಗಳಿಗೆ ಎಸ್‌ಡಿಎಸ್ ಎಂಬ ಮಾರ್ಜಕವನ್ನು ಸೇರಿಸುತ್ತಾರೆ. ಸರಪಳಿಗಳು ಬಿಚ್ಚಿಕೊಂಡು, ಸುಮಾರಾಗಿ ತಮ್ಮ ಉದ್ದಕ್ಕೆ ತಕ್ಕಷ್ಟು ಋಣವಿದ್ಯುತ್ತನ್ನು ಪಡೆಯುತ್ತವೆ. ಇವನ್ನು ಲೋಳೆಯಂತಹ ಜೆಲ್ಲಿನಲ್ಲಿಟ್ಟು ವಿದ್ಯುತ್ ಕ್ಷೇತ್ರವನ್ನು ಒಡ್ಡಿದರೆ ಎಲ್ಲವೂ ಧನಧ್ರುವದತ್ತ ಹೊರಡುತ್ತವೆ. ಸಂತೆಯ ಗುಂಪಿನಲ್ಲಿ ಮಕ್ಕಳು ನುಸುಳಿ ಮುಂದೆ ಹೋಗುವಂತೆ ಚಿಕ್ಕವು ಮುಂದಾಗುತ್ತವೆ, ದೊಡ್ಡವು ಹಿಂದುಳಿಯುತ್ತವೆ. ಅಖಂಡ ಕ್ಯಾಸ್ಪೇಸ್-೩ರ ಅಣುತೂಕ ಸುಮಾರು ೩೨,೦೦೦. ಕತ್ತರಿಸಿದಾಗ ದೊರೆಯುವ ದೊಡ್ಡ ತುಂಡಿನದು ಸುಮಾರು ೧೭,೦೦೦. ಅನಂತರ ಪ್ರೋಟೀನುಗಳನ್ನು ತೆಳುವಾದ ಪೊರೆಗೆ ವರ್ಗಾಯಿಸಿ, ಪ್ರತಿಕಾಯದಲ್ಲಿ ಅದ್ದುತ್ತಾರೆ. ಬೆಳಕನ್ನು ಹೊಮ್ಮಿಸುವ ಕ್ರಿಯೆಗೆ ಕಾರಣವಾದ ಕಿಣ್ವವನ್ನು ಹೊತ್ತ ಎರಡನೆಯ ಪ್ರತಿಕಾಯವು ಮೊದಲನೆಯದಕ್ಕೆ ಅಂಟುತ್ತದೆ. ೧೭,೦೦೦ದ ಸ್ಥಾನದಲ್ಲಿ ಬೆಳಕಿನ ಪಟ್ಟೆ ಕಂಡರೆ, ಕ್ಯಾಸ್ಪೇಸ್ ಎಚ್ಚರಗೊಂಡಿತೆಂದು ಅರ್ಥ.

ಗೇಜಿನ ಪರೀಕ್ಷೆ

ಆದರೆ ಆ ಪಟ್ಟೆಯನ್ನು ನಂಬುವುದು ಹೇಗೆ? ಇಲ್ಲಿಯೂ ಎರಡು ತುದಿಗಳು ಬೇಕು. ಸ್ಟಾರೊಸ್ಪೊರಿನ್ ಎಂಬ ದ್ರವ್ಯವನ್ನು ಕೊಟ್ಟು ಸಾಯುವಂತೆ ಮಾಡಿದ ಕೋಶಗಳಲ್ಲಿ ಪಟ್ಟೆ ಕಾಣಲೇಬೇಕು. ಇದು ‘ಗೋ’ ತುದಿ. ‘ನೋ-ಗೋ’ ತುದಿಯನ್ನು ಪ್ರಕೃತಿಯೇ ಒದಗಿಸಿದೆ. ಎಂಸಿಎಫ್-೭ ಎಂಬ ಸ್ತನ ಕ್ಯಾನ್ಸರಿನ ಕೋಶಗಳ ಜೀನಿನಲ್ಲಿ ೪೭ ಅಕ್ಷರಗಳು ಲೋಪವಾಗಿರುವುದರಿಂದ ಅವು ಕ್ಯಾಸ್ಪೇಸ್-೩ನ್ನು ತಯಾರಿಸಲಾರವೆಂದು ೧೯೯೮ರಲ್ಲಿ ತಿಳಿದುಬಂದಿತು. ಇವುಗಳಲ್ಲಿಯೂ ಅದೇ ಪಟ್ಟೆ ಕಂಡರೆ ಪ್ರತಿಕಾಯವು ಸುಳ್ಳಾಡುತ್ತಿದೆ ಎಂದೇ ತಿಳಿಯಬೇಕು.

ಇದು ಬರಿಯ ಶಂಕೆಯಲ್ಲ. ಮನುಷ್ಯನ ಕತ್ತರಿಸಿದ ಕ್ಯಾಸ್ಪೇಸ್-೩ಕ್ಕಾಗಿ ತಯಾರಿಸಿದ ಪ್ರತಿಕಾಯವನ್ನು ಹಣ್ಣಿನ ನೊಣ ಡ್ರೊಸೊಫಿಲದಲ್ಲಿಯೂ ಬಳಸುವುದು ವಾಡಿಕೆಯಾಗಿತ್ತು. ಅಲ್ಲಿ ಅದು ಕ್ಯಾಸ್ಪೇಸ್-೩ರ ಬಂಧುಗಳಾದ ಡ್ರೈಸ್ ಮತ್ತು ಡಿಸಿಪಿ-೧ ಎಂಬವನ್ನು ಗುರುತಿಸುತ್ತದೆಂದು ನಂಬಲಾಗಿತ್ತು. ೨೦೧೦ರಲ್ಲಿ ಫಾನ್ ಮತ್ತು ಬರ್ಗ್‌ಮನ್ ಈ ಎರಡೂ ಇಲ್ಲದ ನೊಣಗಳನ್ನು ಪರೀಕ್ಷಿಸಿದರು. ಆಶ್ಚರ್ಯವೆಂದರೆ, ಗುರುತು ಆಗಲೂ ಕಾಣಿಸಿತು! ಆದರೆ ಅದು ಡ್ರಾಂಕ್ ಎಂಬ ಮೇಲಿನ ಹಂತದ ಕ್ಯಾಸ್ಪೇಸನ್ನು ಅವಲಂಬಿಸಿತ್ತು. ಪ್ರತಿಕಾಯವು ನಿರುಪಯುಕ್ತವಾಗಲಿಲ್ಲ, ಅದು ಹೇಳುತ್ತಿದ್ದ ಮಾತಿನ ಅರ್ಥ ಬೇರೆಯಾಯಿತು. ಗೇಜಿನ ಮೇಲೆ ಬರೆದ ಅಂಕಿಯೂ ಗೇಜಿನ ನಿಜವಾದ ಅಳತೆಯೂ ಒಂದೇ ಎಂದು ಊಹಿಸಿದುದೇ ಇಲ್ಲಿಯ ತಪ್ಪು.

ಇದೆಲ್ಲ ದೂರದೇಶದ ಸಂಗತಿಯೆಂದು ಭಾವಿಸಬೇಕಾಗಿಲ್ಲ. ಲಗ್ಗೆರೆಯಿಂದ ಕೆಲವೇ ಮೈಲಿ ದೂರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ರಾಘವನ್ ಮತ್ತು ಸಂಗಡಿಗರು ಡಿಸಾರಿಬ್ ಎಂಬ ಸಂಯುಕ್ತವನ್ನು ಕುರಿತ ಸಂಶೋಧನೆಯನ್ನು ೨೦೧೬ರಲ್ಲಿ ಪ್ರಕಟಿಸಿದರು. ಕ್ಯಾನ್ಸರ್ ಕೋಶವನ್ನು ಸಾವಿನಿಂದ ಕಾಯುವ ಬಿಸಿಎಲ್-೨ ಎಂಬ ಪ್ರೋಟೀನನ್ನು ಅದು ತಡೆಯುತ್ತದೆ. ಇಂತಹ ಸಂಯುಕ್ತವು ಕೋಶವನ್ನು ಕೊಂದಿತೆಂದರೆ ಸಾಲದು, ವಿಷವೂ ಕೊಲ್ಲುತ್ತದೆ. ಉದ್ದೇಶಿಸಿದ ಮಾರ್ಗದಿಂದಲೇ ಕೊಂದಿತೆಂಬುದಕ್ಕೆ ಸಾಕ್ಷ್ಯ ಬೇಕು. ಆ ಸಾಕ್ಷ್ಯವನ್ನು ನುಡಿಯುವುವು ಪ್ರತಿಕಾಯಗಳೇ.

ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ವರ್ನಿಯರ್ ಕ್ಯಾಲಿಪರನ್ನು ಹಿಡಿದ ವಿದ್ಯಾರ್ಥಿಗೆ, ಮೊದಲು ಅದರ ಶೂನ್ಯದೋಷವನ್ನು ನೋಡು ಎಂದು ನಾವು ಹೇಳುತ್ತೇವೆ. ಅನೇಕರಿಗೆ ಇದು ಬೇಸರದ ಕಟ್ಟಳೆಯಾಗಿ ತೋರುವುದುಂಟು. ಕಣ್ಣಿಗೆ ಕಾಣದ ಕೋಶದ ಸಾವನ್ನು ಅಳೆಯುವ ವಿಜ್ಞಾನಿಯೂ ಮಾಡಬೇಕಾದ ಮೊದಲ ಕೆಲಸ ಅದೇ.