ಬ್ರೇಕಿನಲ್ಲಿ ಕಳೆಯುವ ಡೀಸೆಲು



ತೆಂಗಿನಕಾಯಿ, ಅಡಿಕೆ, ಕಲ್ಲಂಗಡಿ, ಯಾವುದನ್ನು ಕುಂದಾಪುರಕ್ಕೆ ಸಾಗಿಸಿದರೂ ಬಂದ ಹಣದಲ್ಲಿ ಒಂದು ಪಾಲು ಗಾಡಿಯ ಡೀಸೆಲಿಗೆ ಹೋಗುತ್ತದೆ. ಈ ಖರ್ಚನ್ನು ತಗ್ಗಿಸಲು ಇಂದು ಗಾಡಿಗಳಲ್ಲಿಯೇ ಕಂಪ್ಯೂಟರುಗಳನ್ನು ಕೂರಿಸುತ್ತಾರೆ. ಅವು ಉಳಿತಾಯ ಮಾಡುವ ಬಗೆಯನ್ನು ತಿಳಿದುಕೊಂಡರೆ, ನಮ್ಮ ಹಳೆಯ ಟೆಂಪೋದಲ್ಲಿಯೂ ಅದರಲ್ಲಿ ಒಂದಷ್ಟನ್ನು ನಾವೇ ಸಾಧಿಸಬಹುದು.

ಡೀಸೆಲು ಪೋಲಾಗುವುದು ಎಲ್ಲಿ?

ನಿಂತ ಗಾಡಿಯನ್ನು ವೇಗಕ್ಕೆ ತರಲು ಡೀಸೆಲು ಉರಿಯಬೇಕು. ಬ್ರೇಕು ಒತ್ತಿದೊಡನೆ ಆ ಶಕ್ತಿಯು ಶಾಖವಾಗಿ ಗಾಳಿಗೆ ಸೇರುತ್ತದೆ. ಗಂಟೆಗೆ 30 ಕಿಲೋಮೀಟರಿನಲ್ಲಿ ಓಡುವಾಗ ಇರುವ ಶಕ್ತಿಯ ನಾಲ್ಕು ಪಟ್ಟು 60 ಕಿಲೋಮೀಟರಿನಲ್ಲಿ ಇರುತ್ತದೆ. ಆದುದರಿಂದ ಓಡಿಸಿ ಓಡಿಸಿ ನಿಲ್ಲಿಸುವುದೇ ದೊಡ್ಡ ನಷ್ಟ. ಅತಿವೇಗವೂ ಹಾಗೆಯೇ. 80ರ ವೇಗದಲ್ಲಿ ಗಾಳಿ ಒಡ್ಡುವ ತಡೆಯು 60ರಲ್ಲಿ ಇದ್ದುದಕ್ಕಿಂತ ಸುಮಾರು ಮುಕ್ಕಾಲು ಪಾಲು ಹೆಚ್ಚು.

ಯಂತ್ರ ಮಾಡುವುದೇನು?

ಕೆಲವು ಹೊಸ ವಾಹನಗಳು ರೇಡಾರಿನಿಂದ ಮುಂದಿನ ಗಾಡಿಯ ದೂರವನ್ನು ಅಳೆದು, ತಾವಾಗಿಯೇ ವೇಗವನ್ನು ಸಮನಾಗಿ ಇಡುತ್ತವೆ. ಸಿಗ್ನಲಿನಲ್ಲಿ ನಿಂತಾಗ ಎಂಜಿನನ್ನು ತಾವೇ ಆರಿಸುವ ಗಾಡಿಗಳೂ ಇವೆ. ವಿದ್ಯುತ್ ವಾಹನವು ನಿಧಾನಿಸುವಾಗ ಶಕ್ತಿಯಲ್ಲಿ ಒಂದಂಶವನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ.

ಸುದ್ದಿಯ ಸಂಪರ್ಕದಿಂದಲೂ ಉಳಿತಾಯವಿದೆ. 2021ರ ಫೆಬ್ರವರಿಯಲ್ಲಿ ಹೆದ್ದಾರಿ ಟೋಲುಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಯಿತು. ಸಾಸ್ತಾನ, ಶಿರೂರುಗಳಲ್ಲಿ ಹಣ ಎಣಿಸಲು ಗಾಡಿ ನಿಲ್ಲಿಸಿ ಎಂಜಿನು ಉರಿಸುವ ಕೆಲಸ ತಗ್ಗಿತು. ಬೆಂಗಳೂರಿನಲ್ಲಿ 2023ರ ವೇಳೆಗೆ, ಗೂಗಲ್ ನಕ್ಷೆಯ ಮಾಹಿತಿಯಿಂದ ವಾಹನಗಳ ಓಟವನ್ನು ಲೆಕ್ಕ ಹಾಕಿ, ಕೆಲವು ಸಿಗ್ನಲುಗಳ ವೇಳೆಯನ್ನು ಹೊಂದಿಸುವ ಪ್ರಯತ್ನವಾಯಿತು. ಯೂರೋಪಿನಲ್ಲಿ 2016ರಲ್ಲಿ, ನಿಸ್ತಂತು ಸಂಪರ್ಕದಿಂದ ಒಂದರ ಹಿಂದೊಂದು ಸಾಲಾಗಿ ಓಡುವ ಲಾರಿಗಳು ರೋಟರ್‌ಡ್ಯಾಮ್ ಬಂದರನ್ನು ಸೇರಿದವು. ಹಿಂದಿನ ಲಾರಿಗೆ ಗಾಳಿಯ ತಡೆ ಕಡಿಮೆ ಎಂಬುದೇ ಇದರ ಗುಟ್ಟು. ಆದರೆ ಅಲ್ಲಿ ಬ್ರೇಕು ಹಾಕುವುದು ಯಂತ್ರ. ನಮ್ಮ ಕೈಕಾಲು ಅಷ್ಟು ಚುರುಕಲ್ಲ. ಲಾರಿಯ ಬಾಲ ಹಿಡಿದು ಓಡಿಸುವ ಸಾಹಸ ಬೇಡ.

ನಾವು ಮಾಡಬೇಕಾದುದು

1. ದೂರದ ರಸ್ತೆಯನ್ನು ನೋಡಿ ಓಡಿಸಿರಿ. ಮುಂದೆ ತಡೆ ಕಂಡೊಡನೆ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಆಗ ಬ್ರೇಕಿನ ಕೆಲಸ ಕಡಿಮೆಯಾಗುತ್ತದೆ.

2. ಬಾಳೆಬರೆ ಘಾಟಿಯನ್ನು ಇಳಿಯುವಾಗ ನ್ಯೂಟ್ರಲ್ ಮಾಡಲೇಬಾರದು. ಇದರಿಂದ ಡೀಸೆಲು ಉಳಿಯುತ್ತದೆಂಬುದು ತಪ್ಪು ತಿಳುವಳಿಕೆ. ಹೊಸ ಎಂಜಿನುಗಳಲ್ಲಿ, ಗೇರಿನಲ್ಲಿದ್ದು ಆಕ್ಸಿಲರೇಟರು ಬಿಟ್ಟಾಗ ಕಂಪ್ಯೂಟರು ಎಣ್ಣೆಯನ್ನೇ ನಿಲ್ಲಿಸುತ್ತದೆ. ನ್ಯೂಟ್ರಲಿನಲ್ಲಾದರೋ ಎಂಜಿನು ಉರಿಯುತ್ತಲೇ ಇರುತ್ತದೆ. ಎಂಜಿನಿನ ಹಿಡಿತ ತಪ್ಪುತ್ತದೆ. ಬ್ರೇಕು ಕಾದು ಕೈಕೊಡುತ್ತದೆ. ನಾಲ್ಕು ಕಾಸಿನ ಆಸೆಗೆ ಪ್ರಾಣ ಹೋದೀತು.

3. ಹೊರಡುವ ಮುನ್ನ ಫೋನಿನಲ್ಲಿ ವಿಚಾರಿಸಿರಿ. ಮಳೆಗಾಲದಲ್ಲಿ ಘಾಟಿ ಮುಚ್ಚಿದ್ದರೆ ಹೋಗಿ ಮರಳುವ ಡೀಸೆಲು ವ್ಯರ್ಥ.

4. ನೆರೆಹೊರೆಯವರು ಮಾತಾಡಿಕೊಂಡು ಒಂದೇ ಗಾಡಿಗೆ ಮಾಲು ತುಂಬಿರಿ. ಬರುವಾಗ ಹಿಂಡಿ, ಗೊಬ್ಬರ ತನ್ನಿರಿ. ಅರ್ಧ ತುಂಬಿದ ಎರಡು ಗಾಡಿಗಳಿಗಿಂತ ತುಂಬಿದ ಒಂದು ಗಾಡಿ ಮೇಲು. ಆದರೆ ಮಿತಿ ಮೀರಿ ಹೇರಬೇಡಿರಿ.

5. ಟ್ಯಾಂಕು ತುಂಬಿಸಿ ಮೀಟರು ಬರೆದಿಡಿರಿ. ಮತ್ತೆ ತುಂಬಿಸುವಾಗ, ಓಡಿದ ಕಿಲೋಮೀಟರನ್ನು ಹಾಕಿದ ಲೀಟರಿನಿಂದ ಭಾಗಿಸಿರಿ.

ಒಂದು ತಿಂಗಳು ಎಂದಿನಂತೆ, ಮರುತಿಂಗಳು ಹೀಗೆ ಓಡಿಸಿ, ಎರಡು ಲೆಕ್ಕಗಳನ್ನು ಹೋಲಿಸಿ ನೋಡಿರಿ. ಉಳಿದದ್ದೆಷ್ಟೆಂಬುದನ್ನು ನಿಮ್ಮ ಪುಸ್ತಕವೇ ಹೇಳುತ್ತದೆ.