ಗೊರಕೆ ಸುಖನಿದ್ರೆಯ ಗುರುತೇ?

ಜೋರಾಗಿ ಗೊರಕೆ ಹೊಡೆಯುವವನನ್ನು ಕಂಡು, "ಪುಣ್ಯವಂತ, ತಲೆಯೂರಿದೊಡನೆ ನಿದ್ದೆ" ಎನ್ನುವುದು ರೂಢಿ. ಪಕ್ಕದಲ್ಲಿ ಎಚ್ಚರವಿರುವ ಮನೆಯಾಕೆ ಮಾತ್ರ ಬೇರೊಂದನ್ನು ಬಲ್ಲಳು. ಏರುತ್ತ ಹೋದ ಗೊರಕೆ ಒಮ್ಮೆಲೆ ನಿಲ್ಲುತ್ತದೆ. ಎದೆ ಹೊಟ್ಟೆಗಳು ಹೆಣಗುತ್ತವೆ, ಉಸಿರು ಮಾತ್ರ ಆಡದು. ಕೆಲ ಕ್ಷಣಗಳ ತರುವಾಯ ಬೆಚ್ಚಿ ಹೊರಳಿ ಮತ್ತೆ ಗೊರಕೆ. ನಡುವಣ ಆ ಮೌನವೇ ರೋಗದ ಲಕ್ಷಣ. ವೈದ್ಯರು ಇದನ್ನು ಸ್ಲೀಪ್ ಆಪ್ನಿಯ, ಎಂದರೆ ನಿದ್ರೆಯಲ್ಲಿ ಉಸಿರು ನಿಲ್ಲುವಿಕೆ ಎಂದು ಕರೆಯುತ್ತಾರೆ.

ಎಚ್ಚರದಲ್ಲಿ ಗಂಟಲಿನ ಸ್ನಾಯುಗಳು ಶ್ವಾಸಮಾರ್ಗವನ್ನು ತೆರೆದು ಹಿಡಿದಿರುತ್ತವೆ, ನಿದ್ರೆಯಲ್ಲಿ ಸಡಿಲಗೊಳ್ಳುತ್ತವೆ. ಕೊರಳಿನ ಸುತ್ತ ಕೊಬ್ಬು ಬೆಳೆದವರಲ್ಲಿ, ಗದ್ದ ಹಿಂದೆ ಸರಿದವರಲ್ಲಿ ಆ ಮಾರ್ಗ ಮುಚ್ಚಿಕೊಳ್ಳುವುದು ಸುಲಭ. ಕನಿಷ್ಠ 10 ಸೆಕೆಂಡುಗಳ ತಡೆಯನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಗಂಟೆಗೆ 30 ಅಥವಾ ಹೆಚ್ಚು ತಡೆಗಳಾದರೆ ರೋಗ ತೀವ್ರವೆಂದರ್ಥ, ಅಂದರೆ ಎರಡು ನಿಮಿಷಕ್ಕೊಮ್ಮೆ ಉಸಿರಿಗಾಗಿ ಹೋರಾಟ! ಪ್ರತಿ ಸಲವೂ ರಕ್ತದಲ್ಲಿ ಆಮ್ಲಜನಕ ಇಳಿದು, ಮೆದುಳು ಅರೆ ಎಚ್ಚರಗೊಳ್ಳುತ್ತದೆ. ಬೆಳಗಾದರೆ ರೋಗಿಗೆ ಇದಾವುದೂ ನೆನಪಿರದು. ಕಾಲಾಂತರದಲ್ಲಿ ರಕ್ತದೊತ್ತಡ ಏರುತ್ತದೆ. ಹೃದ್ರೋಗ, ಪಾರ್ಶ್ವವಾಯುಗಳ ಭೀತಿ ಹೆಚ್ಚುತ್ತದೆ.

ಹಗಲಿನ ತೂಕಡಿಕೆಗೆ ಈ ಸೀಮೆಯಲ್ಲಿ ಬೇರೆ ಕಾರಣಗಳು ಸಿದ್ಧವಾಗಿಯೇ ಇವೆ. ಗೋಕಾಕ ಫಾಲ್ಸ್‌ನ ನೂಲಿನ ಗಿರಣಿಯನ್ನು ಬಲ್ಲ ಮನೆಗಳಲ್ಲಿ ಅದು ರಾತ್ರಿಪಾಳಿಯ ಆಯಾಸ. ಮೂಡಲಗಿಯ ಕಡೆ, ಕಬ್ಬು ನುರಿಸುವ ಹಂಗಾಮಿನಲ್ಲಿ ರಾತ್ರಿಯೆಲ್ಲ ಟ್ರ್ಯಾಕ್ಟರ್ ನಡೆಸುವವನಿಗೆ ಅದು ನಿದ್ದೆಗೇಡು. ಈ ಕಾರಣಗಳು ಸುಳ್ಳಲ್ಲ. ಆದರೆ ಸಾಕಷ್ಟು ಮಲಗಿ ಎದ್ದವನೂ ತೂಕಡಿಸುವನಾದರೆ ಅನುಮಾನಿಸಬೇಕು. ಹುಕ್ಕೇರಿ ತಾಲೂಕನ್ನು ಹಾದು ಹೋಗುವ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಚಾಲಕನ ಕಣ್ಣು ಎರಡು ಕ್ಷಣ ಮುಚ್ಚಿದರೆ ಆಗುವ ಅನಾಹುತವನ್ನು ವಿವರಿಸಬೇಕಿಲ್ಲ.

ಶಿಕ್ಷಕರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಮಕ್ಕಳಿಗೂ ಈ ತೊಂದರೆ ಬರುತ್ತದೆ. ಅವರಲ್ಲಿ ಕಾರಣ ಹೆಚ್ಚಾಗಿ ಊದಿದ ಟಾನ್ಸಿಲ್ ಮತ್ತು ಮೂಗಿನ ಹಿಂದೆ ಬೆಳೆದ ಅಡಿನಾಯ್ಡ್. ಅಂಥ ಮಗು ಬಾಯಿ ತೆರೆದು ಮಲಗುತ್ತದೆ, ಕೆಲವೊಮ್ಮೆ ಹಾಸಿಗೆಯನ್ನು ಒದ್ದೆ ಮಾಡಿಕೊಳ್ಳುತ್ತದೆ. ಹಗಲಿನಲ್ಲಿ ದೊಡ್ಡವರಂತೆ ತೂಕಡಿಸುವುದಕ್ಕಿಂತ ಚಡಪಡಿಸುವುದೇ ಹೆಚ್ಚು. ಪಾಠದಲ್ಲಿ ಮನಸ್ಸು ನಿಲ್ಲದು. "ದಡ್ಡ", "ತುಂಟ" ಎಂಬ ಬಿರುದುಗಳು ಬೇಗನೆ ಅಂಟುತ್ತವೆ. ಬೆತ್ತದಿಂದ ಟಾನ್ಸಿಲ್ ಕರಗದು. ಎಷ್ಟೋ ಮಕ್ಕಳು ಶಸ್ತ್ರಚಿಕಿತ್ಸೆಯ ನಂತರ ನೆಮ್ಮದಿಯಾಗಿ ನಿದ್ರಿಸುತ್ತಾರೆ.

ವಯಸ್ಕರಿಗೆ ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಮದ್ಯವನ್ನು ಬಿಡುವುದು ಸಹಕಾರಿ. ವೈದ್ಯರನ್ನು ಕೇಳದೆ ನಿದ್ರೆಯ ಗುಳಿಗೆ ನುಂಗುವುದು ಅಪಾಯಕರ. ರೋಗ ಬಲಿತವರಿಗೆ ಸಿಪ್ಯಾಪ್ ಯಂತ್ರವಿದೆ. ಆಸ್ಟ್ರೇಲಿಯದ ಕಾಲಿನ್ ಸಲಿವಾನ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ, ಮುಖವಾಡದ ಮೂಲಕ ಬರುವ ಗಾಳಿಯ ಒತ್ತಡವು ಗಂಟಲನ್ನು ಮುಚ್ಚಗೊಡದು. ರೋಗನಿರ್ಣಯಕ್ಕೆ ರಾತ್ರಿಯ ನಿದ್ರಾಪರೀಕ್ಷೆ ಬೇಕು. ಅದಕ್ಕೆ ಮುನ್ನ ವೈದ್ಯರು ಕೇಳಬಯಸುವುದು ಪಕ್ಕದಲ್ಲಿ ಮಲಗಿದವರ ಮಾತನ್ನು. ಮನೆಯಾಕೆ ಮೊಬೈಲಿನಲ್ಲಿ ಆ ಗೊರಕೆಯನ್ನೂ ಅದರ ನಡುವಣ ಮೌನವನ್ನೂ ಚಿತ್ರಿಸಿಕೊಂಡು ಹೋದರೆ, "ನಾನೆಲ್ಲಿ ಗೊರಕೆ ಹೊಡೆಯುತ್ತೇನೆ" ಎನ್ನುವ ಯಜಮಾನರ ವಾದಕ್ಕೆ ಅಲ್ಲಿಯೇ ತೆರೆ ಬೀಳುತ್ತದೆ.