ಹಲವು ವೈದ್ಯರು, ಒಂದೇ ಗುಳಿಗೆ

ನಿದ್ರೆ ಬಾರದ ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳೋಣ. ಆತನು ಸೋಮವಾರ ಯಲಹಂಕದ ವೈದ್ಯರಲ್ಲಿಗೆ ಹೋಗುತ್ತಾನೆ. ಮಂಗಳವಾರ ಹೆಬ್ಬಾಳಕ್ಕೆ, ಬುಧವಾರ ಯಶವಂತಪುರಕ್ಕೆ. ಮೂವರೂ ರಾತ್ರಿಗೊಂದರಂತೆ ಅರ್ಧ ಮಿಲಿಗ್ರಾಮಿನ ಹತ್ತು ಆಲ್‌ಪ್ರಜೋಲಾಮ್ ಗುಳಿಗೆಗಳನ್ನು ಬರೆದುಕೊಡುತ್ತಾರೆ. ಒಂದೊಂದು ಚೀಟಿಯೂ ನಿರ್ದೋಷವಾದುದು. ಮೂರನ್ನೂ ಕೂಡಿಸಿದರೆ ಮಾತ್ರ ದಿನಕ್ಕೆ ಒಂದೂವರೆ ಮಿಲಿಗ್ರಾಮ್ ಆಗುತ್ತದೆ. ಈ ಲೆಕ್ಕವನ್ನು ಬಲ್ಲವನು ರೋಗಿಯೊಬ್ಬನೇ, ಹೇಳಲೊಲ್ಲದವನೂ ಅವನೇ.

ಇದನ್ನು ಕಪಟವೆಂದು ತಳ್ಳಿಹಾಕುವುದು ಸುಲಭ. ಮಿದುಳಿನಲ್ಲಿ ನಡೆಯುವುದನ್ನು ಅರಿತರೆ ಹಾಗೆನ್ನಲು ನಾಲಗೆ ತಡೆಯುತ್ತದೆ. ನರಕೋಶಗಳ ಉದ್ರೇಕವನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕವು ನಮ್ಮ ಮಿದುಳಿನಲ್ಲಿದೆಯಷ್ಟೆ. ೧೯೬೩ರಲ್ಲಿ ಪೇಟೆಗೆ ಬಂದ ಡಯಜೆಪಾಮ್, ಅದರ ಬಂಧುವಾದ ಆಲ್‌ಪ್ರಜೋಲಾಮ್ ಇವು ಗಾಬಾದ ಕಾರ್ಯಕ್ಕೆ ಬಲವೀಯುತ್ತವೆ. ತಳಮಳವಡಗಿ ನಿದ್ರೆ ಬರುತ್ತದೆ. ಕೆಲವು ವಾರ ಹೀಗೆಯೇ ಸಾಗಿದರೆ ಮಿದುಳು ಈ ಹೊರಗಿನ ನೆರವಿಗೆ ಹೊಂದಿಕೊಂಡುಬಿಡುತ್ತದೆ. ಮೊದಲಿನ ಪ್ರಮಾಣವು ಸಾಲದಾಗುತ್ತದೆ. ಥಟ್ಟನೆ ನಿಲ್ಲಿಸಿದರೋ ನಿದ್ರಾಹೀನತೆ, ನಡುಕ, ಕೆಲವೊಮ್ಮೆ ಪ್ರಾಣಕ್ಕೇ ಎರವಾಗುವ ಸೆಳವು. ಎರಡನೆಯ ವೈದ್ಯರ ಬಾಗಿಲು ತಟ್ಟಿಸುವುದು ಬಹುಮಟ್ಟಿಗೆ ಈ ಯಾತನೆಯ ಭಯವೇ. ಮದ್ಯವಾಗಲಿ, ಟ್ರಮಡಾಲ್‌ನಂಥ ನೋವುನಿವಾರಕವಾಗಲಿ ಜೊತೆಗೂಡಿದರೆ ಉಸಿರಾಟವೇ ನಿಂತುಹೋಗಬಹುದು.

ಕಾನೂನು ಕಣ್ಣುಮುಚ್ಚಿ ಕುಳಿತಿಲ್ಲ. ೧೯೪೫ರ ಔಷಧ ನಿಯಮಗಳ ಪ್ರಕಾರ, ವೈದ್ಯರು ಹಾಗೆಂದು ಬರೆದಿದ್ದ ಹೊರತು ಒಂದೇ ಚೀಟಿಗೆ ಎರಡನೆಯ ಸಲ ಔಷಧವನ್ನು ಕೊಡುವಂತಿಲ್ಲ. ಕೊಟ್ಟ ಅಂಗಡಿಯ ಹೆಸರನ್ನೂ ದಿನಾಂಕವನ್ನೂ ಚೀಟಿಯ ಮೇಲೆಯೇ ನಮೂದಿಸಬೇಕು. ೨೦೧೪ರ ಮಾರ್ಚ್ ತಿಂಗಳಲ್ಲಿ ಜಾರಿಗೆ ಬಂದ ‘ಎಚ್ ೧’ ಅನುಸೂಚಿಯಲ್ಲಿ ಆಲ್‌ಪ್ರಜೋಲಾಮ್ ಸಹ ಸೇರಿದೆ. ಈ ಪಟ್ಟಿಯ ಔಷಧವನ್ನು ಮಾರುವವನು ವೈದ್ಯರ ಹೆಸರು, ರೋಗಿಯ ಹೆಸರು, ಮಾರಿದ ಪ್ರಮಾಣ ಇವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ೩ ವರ್ಷ ಕಾಪಾಡಬೇಕು. ಆದರೆ ನಮ್ಮ ರೋಗಿಯ ಕೈಯಲ್ಲಿರುವುದು ಮೂರು ಹೊಸ ಚೀಟಿಗಳು! ಯಲಹಂಕದ ಪುಸ್ತಕವು ಯಲಹಂಕದ ಅಂಗಡಿಯಲ್ಲಿ, ಹೆಬ್ಬಾಳದ್ದು ಹೆಬ್ಬಾಳದಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನವು ಮಾದಕ ಔಷಧಗಳ ಚೀಟಿಗಳನ್ನು ಸರ್ಕಾರದ ಗಮನಕ್ಕೆ ತರುವ ಏರ್ಪಾಡನ್ನು ೧೯೩೯ರಲ್ಲಿಯೇ ಮಾಡಿತು. ಈಗ ಆ ದೇಶದ ವೈದ್ಯರು ಬರೆಯುವ ಮುನ್ನ ರೋಗಿಯ ಹಿಂದಿನ ಚೀಟಿಗಳ ವಿವರವನ್ನು ಕಂಪ್ಯೂಟರಿನಲ್ಲಿ ನೋಡಬಲ್ಲರು.

ಈ ಅವಲಂಬನೆಗೆ ಚಿಕಿತ್ಸೆಯುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಒಂದು ಕೇಂದ್ರವಿದೆ. ಗುಳಿಗೆಯನ್ನು ಒಮ್ಮೆಗೇ ಕಿತ್ತುಕೊಳ್ಳುವುದಲ್ಲ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ಇಳಿಸತೊಡಗುವುದು ರೋಗಿಯು ನಿಜವಾಗಿ ನುಂಗುತ್ತಿರುವ ಪ್ರಮಾಣದಿಂದ. ಒಂದೂವರೆ ಮಿಲಿಗ್ರಾಮ್ ನುಂಗುತ್ತಿರುವವನು ಅರ್ಧವೆಂದು ಹೇಳಿದರೆ, ವೈದ್ಯರು ಅರ್ಧದಿಂದಲೇ ಆರಂಭಿಸುವರು. ಆ ರಾತ್ರಿಯೇ ಮಿದುಳಿನ ನೆರವು ಮೂರರಲ್ಲಿ ಒಂದು ಪಾಲಿಗೆ ಕುಸಿಯುತ್ತದೆ.